ಹೆಸರುಗಳ್ಳಿ: ಎಲ್ಲೂ ಇಲ್ಲದ ಕಳೆಯೊಂದನ್ನು ಕಟ್ಟಿದ ಇಪ್ಪತ್ತಾರು ದಿನ

ಏಪ್ರಿಲ್ 8

ಬೇಸಿಗೆ ಬಂತೆಂದರೆ ಸುಟ್ಟ ಪಂಪ್‌ಸೆಟ್‌ಗಳು ನನ್ನ ಅಂಗಡಿಯ ಬಾಗಿಲಲ್ಲಿ ಸಾಲುಗಟ್ಟುತ್ತವೆ. ಮೋಟಾರ್ ವೈಂಡಿಂಗ್ ಮಾಡುವವನಿಗೆ ಏಪ್ರಿಲ್ ಎಂದರೆ ನೆಟ್ಟಗೆ ಕುಳಿತು ಉಣ್ಣಲೂ ಪುರುಸೊತ್ತಿಲ್ಲದ ತಿಂಗಳು. ಅಂಥ ಹೊತ್ತಿನಲ್ಲೇ ಶಿರಸಿ ಹತ್ತಿರದ ನಮ್ಮೂರಿನ ಮಕ್ಕಳ ಬೇಸಿಗೆ ಶಿಬಿರದ ಮೇಡಂ ಬಂದರು. ನಾಟಕಕ್ಕೆ ಒಂದು ಬಳ್ಳಿ ಬೇಕಂತೆ. ಅದು ಮರಕ್ಕೆ ಹಬ್ಬಬೇಕಂತೆ. ಹಬ್ಬಿರುವುದಲ್ಲ, ನೋಡುವವರ ಕಣ್ಣೆದುರೇ ಹಬ್ಬಬೇಕಂತೆ. ಎರಡು ವರ್ಷದ ಹಿಂದೆ ಅವರಿಗೆ ತಿರುಗುವ ಚಂದ್ರನನ್ನು ಮಾಡಿಕೊಟ್ಟಿದ್ದೆ. ಅದರ ಫಲ ಇದು. ಬಜೆಟ್ 1,500 ರೂಪಾಯಿ, ಪ್ರದರ್ಶನ ಮೇ 3 ಮತ್ತು 4ರಂದು.

ನಾಟಕವನ್ನು ಮಕ್ಕಳೇ ಬರೆದಿದ್ದಾರೆ. ಮರವೂರು ಎಂಬ ನಾಡು. ಅಲ್ಲಿ ಕೂಸು ಹುಟ್ಟಿದರೆ ಹೆಸರನ್ನು ಅದರ ಕಿವಿಯಲ್ಲಿ ಹೇಳುವುದಿಲ್ಲ, ಮನೆಯ ಮುಂದಿನ ಮರದ ಪೊಟರೆಯಲ್ಲಿ ಹೇಳುತ್ತಾರೆ. ಹೆಸರನ್ನು ಕಾಯುವುದು ಮರದ ಕೆಲಸ. ಒಂದು ದಿನ ಎಲ್ಲಿಂದಲೋ ಒಂದು ಕಳೆ ಬಂದು ಮರದ ಮೇಲೆ ಕೂರುತ್ತದೆ, ರಸದ ಜೊತೆಗೆ ಹೆಸರುಗಳನ್ನೂ ಕುಡಿಯುತ್ತದೆ. ಮರ ಬೀಳುವುದಿಲ್ಲ. ತಾಯಿ ಮಗಳನ್ನು "ಏ ಇವಳೇ" ಎಂದು ಕರೆಯಲು ಶುರು ಮಾಡುತ್ತಾಳೆ, ಅಷ್ಟೇ. ಕಳೆಯ ಹೆಸರು ಹೆಸರುಗಳ್ಳಿ. ಪಾಪಾಸುಕಳ್ಳಿಯ ಕಳ್ಳಿಯೂ ಹೌದು, ಕದಿಯುವ ಕಳ್ಳಿಯೂ ಹೌದು. ಹೆಸರುಕಾಳಿನ ಹೊಲದ ಕಳೆಯೇ ಎಂದು ನಾನು ಕೇಳಿದೆ. ಯಾರೂ ನಗಲಿಲ್ಲ.

ಅಳತೆ ಬರೆದುಕೊಂಡೆ. ಮರ 9 ಅಡಿ ಎತ್ತರ, ಕಾಂಡ ಒಂದಡಿ ದಪ್ಪ, ಸುತ್ತಳತೆ 94 ಸೆಂಟಿಮೀಟರ್. ಬಳ್ಳಿ ನೆಲದಿಂದ 7 ಅಡಿಯವರೆಗೆ ಏರಬೇಕು. ಅದಕ್ಕಿರುವ ಹಾಡು 40 ಸೆಕೆಂಡಿನದು.

ಏಪ್ರಿಲ್ 10

ಕೈ ಹಾಕುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಈ ಕಳೆಯ ನಡತೆ ಕೇಳಿದೆ. ಬೀಜ ಎಲ್ಲಿರುತ್ತದೆ, ಎಲೆ ಇದೆಯೇ, ಬೇರು ಇದೆಯೇ? ಒಂದೊಂದಕ್ಕೂ ಜಗಳವಾಯಿತು. ಕೊನೆಗೆ ಒಬ್ಬ ಹುಡುಗ, "ಬೀಜ ಮಣ್ಣಲ್ಲಿ ಮಲಗಿರುತ್ತದೆ ಮಾವ, ಯಾರಾದರೂ ಹತ್ತಿರ ನಿಂತು ಹೆಸರು ಹಿಡಿದು ಕರೆದರೆ ಎಚ್ಚರವಾಗುತ್ತದೆ" ಎಂದ.

ಅವನಿಗೆ ಗೊತ್ತಿಲ್ಲದೇ ಅವನು ಜೋಳದ ಹೊಲದ ಕಥೆ ಹೇಳಿದ್ದ. ಸ್ಟ್ರೈಗಾ ಎಂಬ ಕಳೆಯ ಬೀಜ ಧೂಳಿನ ಕಣದಷ್ಟು. ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಸುಮ್ಮನೆ ಬಿದ್ದಿರಬಲ್ಲದು. ನೀರು ಬಿದ್ದಷ್ಟಕ್ಕೆ ಮೊಳೆಯುವುದಿಲ್ಲ. ಜೋಳದ ಬೇರು ಹತ್ತಿರ ಬಂದು ತನ್ನ ರಾಸಾಯನಿಕವನ್ನು ಮಣ್ಣಿಗೆ ಒಸರಿದರೆ ಮಾತ್ರ ಕಣ್ಣು ಬಿಡುತ್ತದೆ, ಅದೇ ಬೇರಿಗೆ ಬಾಯಿ ಹಾಕುತ್ತದೆ. ಸ್ಟ್ರೈಗಾ ಎಂದರೆ ಲ್ಯಾಟಿನ್‌ನಲ್ಲಿ ಮಾಟಗಾತಿ. ಇದನ್ನು ಹೇಳಿದ ಮೇಲೆ ಮಕ್ಕಳಿಗೆ ನನ್ನ ಮೇಲೆ ತುಸು ಗೌರವ ಬಂತು, ಹೆಸರುಕಾಳಿನ ಹಾಸ್ಯ ಮನ್ನಾ ಆಯಿತು.

ನಮ್ಮ ಬಳ್ಳಿಯ ರೂಪಕ್ಕೆ ಕಸ್ಕುಟಾ ಎಂಬ, ಬೇರೆ ಗಿಡದ ರಸ ಹೀರಿ ಬದುಕುವ ಬಳ್ಳಿ ಸಾಕೆಂದುಕೊಂಡೆ. ಬೇಲಿಯ ಮೇಲೆ ಯಾರೋ ಅರಿಶಿನ ಕಲಸಿದ ಶಾವಿಗೆ ಒಣಹಾಕಿದಂತೆ ಕಾಣುತ್ತದಲ್ಲ, ಅದು. ಎಲೆಯೆಂಬುದು ಹೆಸರಿಗೂ ಇಲ್ಲ. ಆಸರೆ ಗಿಡ ಸಿಕ್ಕೊಡನೆ ನೆಲದ ಬೇರೂ ಸತ್ತುಹೋಗುತ್ತದೆ. ಆಸರೆಯನ್ನು ಅದು ವಾಸನೆಯಿಂದ ಹುಡುಕುತ್ತದೆ. ಅದರ ಮೊಳಕೆ ಟೊಮೆಟೊ ಗಿಡದ ವಾಸನೆಯತ್ತ ಬಾಗುವುದನ್ನು 2006ರಲ್ಲಿ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದರು. ಎಲೆಯಿಲ್ಲ ಎಂಬುದು ನನಗೆ ದೊಡ್ಡ ಅನುಕೂಲ. ಎಲೆ ಕತ್ತರಿಸುವ ಕೆಲಸ ಉಳಿಯಿತು.

ಏಪ್ರಿಲ್ 12ರಿಂದ 14: ಗಾಳದ ದಾರ

ಮರದ ಚೌಕಟ್ಟಿಗೆ ಮೂರು ಬಿದಿರು ಸೀಳಿ, ಆರು ಬಳೆ ಕಟ್ಟಿ, ಬೈಂಡಿಂಗ್ ವೈರ್‌ನಿಂದ ಬಿಗಿದೆ. ಮೇಲೆ ಗೋಣಿಚೀಲದ ತೊಗಟೆ. ಇದು ಒಂದೇ ದಿನದಲ್ಲಿ ಮುಗಿಯಿತು, ಹೇಳಲು ಹೆಚ್ಚೇನಿಲ್ಲ.

ಬಳ್ಳಿಗೆ ಎ.ಸಿ. ಪೈಪಿನ ಮೇಲೆ ತೊಡಿಸುವ ಕಪ್ಪು ಫೋಮ್ ಕೊಳವೆ ತಂದೆ. ಆರಡಿಯ ಎರಡು ತುಂಡು, ತಲಾ 85 ರೂಪಾಯಿ. ಹಗುರ, ಮೆತ್ತಗೆ, ಹೇಗೆ ಬೇಕೋ ಹಾಗೆ ಬಾಗುತ್ತದೆ. ಬಳ್ಳಿಯ ತುದಿಗೆ ಅರ್ಧ ಮಿಲಿಮೀಟರ್ ದಪ್ಪದ ಗಾಳದ ದಾರ ಕಟ್ಟಿ, ಕಾಂಡದ ಸುತ್ತ ಎರಡೂವರೆ ಸುತ್ತಿನಲ್ಲಿ ಹನ್ನೊಂದು ಕೊಕ್ಕೆಗಳನ್ನು ಕೂರಿಸಿ, ಅವುಗಳ ಮೂಲಕ ದಾರ ಹಾಯಿಸಿ, ಮೇಲೆ ಬಟ್ಟೆ ಒಣಹಾಕುವ ರಾಟೆಯಿಂದ ಹಿಂದಕ್ಕೆ ಇಳಿಸಿದೆ. ಹಿಂದೆ ನಿಂತವನು ಎಳೆದರೆ ಬಳ್ಳಿ ಸುತ್ತುತ್ತ ಮೇಲೇರಬೇಕು.

ಏರಲಿಲ್ಲ. ಅರ್ಧ ಸುತ್ತಿನವರೆಗೆ ಹಾವಿನಂತೆ ಬಂತು, ಒಂದು ಸುತ್ತಿಗೆ ಬಿಗಿಯಿತು, ಒಂದೂಕಾಲು ಸುತ್ತಿಗೆ ದಾರ ಕೈ ಕೊಯ್ಯಿತು. ಇನ್ನೂ ಎಳೆದಾಗ ಬಳ್ಳಿಯ ಬದಲು ಮರವೇ ತಿರುಗಿತು. ಸುತ್ತು ಹೆಚ್ಚಿದಂತೆ ಎಳೆತ ಎಷ್ಟು ಹೆಚ್ಚುತ್ತದೆಂದು ದಿನವಿಡೀ ತಂತಿ ಸುತ್ತುವ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಗಾಳದ ದಾರ ನಯವಾಗಿದೆ, ನಡೆಯುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೆ. ಕೊಕ್ಕೆಗೆ ಗ್ರೀಸ್ ಹಚ್ಚಿದೆ. ಗೋಣಿಗೆಲ್ಲ ಕಲೆಯಾಯಿತು, ದಾರ ಹಾಗೆಯೇ ಸಿಕ್ಕಿಕೊಂಡಿತು. 265 ರೂಪಾಯಿ, ಮೂರು ಸಂಜೆ ನೀರುಪಾಲು.

ಏಪ್ರಿಲ್ 16: ಥರ್ಮೋಕೋಲ್

ಹಬ್ಬುವ ವಿಚಾರ ಬದಿಗಿಟ್ಟು ಗಂಟುಗಳ ಕೆಲಸಕ್ಕೆ ಇಳಿದೆ. ಬಳ್ಳಿ ಮರಕ್ಕೆ ಬಾಯಿ ಹಾಕುವ ಜಾಗದಲ್ಲಿ ಉಬ್ಬಿದ ಗಂಟು ಇರಬೇಕು ಎಂದು ಮಕ್ಕಳ ಚಿತ್ರದಲ್ಲಿತ್ತು. ಐದು ಗಂಟು. ಥರ್ಮೋಕೋಲ್ ಕೊರೆದು ತೆಂಗಿನಕಾಯಿ ಗಾತ್ರಕ್ಕೆ ತಂದು, ನುಣ್ಣಗೆ ಉಜ್ಜಿ, ಕೆಂಪು ಸ್ಪ್ರೇ ಬಣ್ಣ ಹೊಡೆದೆ.

ಬಣ್ಣ ಬಿದ್ದಲ್ಲೆಲ್ಲ ಥರ್ಮೋಕೋಲ್ ಕರಗಿ ಗುಳಿಬಿತ್ತು. ಸ್ಪ್ರೇ ಡಬ್ಬಿಯಲ್ಲಿರುವ ದ್ರಾವಕ ಅದನ್ನು ತಿಂದುಹಾಕುತ್ತದೆ. ಎರಡು ನಿಮಿಷದಲ್ಲಿ ಐದೂ ಗಂಟುಗಳು ಇರುವೆ ಹೊಕ್ಕ ಬೆಲ್ಲದ ಅಚ್ಚಿನಂತಾದವು. ಒಂದನ್ನು ಮೊದಲು ಪರೀಕ್ಷಿಸಿ ನೋಡುವ ಬುದ್ಧಿ ಬರಲಿಲ್ಲ, ಐದನ್ನೂ ಸಾಲಾಗಿಟ್ಟು ಒಟ್ಟಿಗೆ ಹೊಡೆದಿದ್ದೆ. ಥರ್ಮೋಕೋಲ್ 120, ಬಣ್ಣ 220.

ಏಪ್ರಿಲ್ 17ರಿಂದ 20: ಮೈದಾ

ಹಳೆಯ ಪದ್ಧತಿಯೇ ಸರಿ ಎಂದು ಮೈದಾ ಅಂಟು ಕಾಯಿಸಿದೆ. ಪತ್ರಿಕೆ ಹರಿದು ನೆನೆಸಿ, ಅಂಟಿನಲ್ಲಿ ಕಲಸಿ, ಬಲೂನಿನ ಮೇಲೆ ಪದರ ಪದರವಾಗಿ ಹಚ್ಚಿದೆ. ಎರಡು ದಿನ ಬಿಸಿಲಿಗೆ ಒಣಗಿಸಿದಾಗ ಗಟ್ಟಿ, ಹಗುರ, ಬಡಿದರೆ ಟಣ್ ಎನ್ನುವ ಗಂಟುಗಳು ತಯಾರಾದವು. ಹಿಗ್ಗಿನಿಂದ ಫೋಟೊ ತೆಗೆದು ಮೇಡಂಗೂ ಕಳಿಸಿದೆ.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದರೆ ಮೂರು ಗಂಟುಗಳ ತಳವೇ ಇಲ್ಲ. ನಾಲ್ಕನೆಯದರೊಳಗೆ ಏನೋ ಸರಸರ ಎನ್ನುತ್ತಿತ್ತು. ಕದ್ದು ತಿನ್ನುವ ಕಳೆಯ ಗಂಟನ್ನು ಇಲಿ ಕದ್ದು ತಿಂದಿತ್ತು. ರಂಗಸಜ್ಜಿಕೆಯ ಹಳಬರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಆಗ ಹುಳ ಬರುವುದಿಲ್ಲ, ಇಲಿಯೂ ಹತ್ತಿರ ಸುಳಿಯುವುದಿಲ್ಲ. ಮಕ್ಕಳು ಮುಟ್ಟುವ ವಸ್ತುವಿಗೆ ವಿಷ ಬೇಡವೆಂದು ನಾನೇ ಬಿಟ್ಟಿದ್ದೆ. ಆ ನಿರ್ಧಾರ ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಗಂಟುಗಳನ್ನು ನೆಲದ ಮೇಲಿಟ್ಟು ಮನೆಗೆ ಹೋದದ್ದು ತಪ್ಪು. ಒಂದು ಹಗ್ಗಕ್ಕೆ ತೂಗುಹಾಕಿದ್ದರೆ ಸಾಕಿತ್ತು.

ಏಪ್ರಿಲ್ 21: ಮಾವಿನ ಕೊಂಬೆ

ಇಲಿ ತಿಂದದ್ದೇ ಒಳ್ಳೆಯದಾಯಿತು ಎನ್ನಬೇಕು. ಉಳಿದ ಎರಡು ಗಂಟುಗಳನ್ನು ಮರಕ್ಕೆ ಕಟ್ಟಿ ದೂರದಿಂದ ನೋಡಿದಾಗ ಯಾರೋ ಚೆಂಡು ಕಟ್ಟಿದಂತೆ ಕಾಣುತ್ತಿತ್ತು. ಕೆಂಪು, ಗುಂಡು, ನುಣುಪು. ಏನು ತಪ್ಪಿದೆ ಎಂದು ಹೊಳೆಯಲಿಲ್ಲ. ನಿಜವಾದ ಗಂಟನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ ಎಂಬುದು ಮಾತ್ರ ಹೊಳೆಯಿತು.

ಮೋಟಾರ್ ರಿಪೇರಿಗೆ ಕೊಟ್ಟಿದ್ದ ತೋಟದ ಯಜಮಾನರೊಬ್ಬರ ಮನೆಯ ಹಿಂದೆ ಹಳೆಯ ಅಪ್ಪೆಮಾವಿನ ಮರವಿದೆ. ಅದರ ತುಂಬ ಬಂದಳಿಕೆ. ಕೆಲವರು ಬದನಿಕೆ ಎನ್ನುತ್ತಾರೆ. ಕಸ್ಕುಟಾದಂತೆ ಇದು ಪೂರ್ತಿ ಸೋಮಾರಿಯಲ್ಲ. ಹಸಿರು ಎಲೆಯಿದೆ, ತನ್ನ ಅಡುಗೆ ತಾನು ಮಾಡಿಕೊಳ್ಳುತ್ತದೆ, ನೀರು ಮತ್ತು ಲವಣ ಮಾತ್ರ ಮರದ್ದು. ಗುಬ್ಬಿಗಿಂತ ಚಿಕ್ಕ ಹಕ್ಕಿಯೊಂದು ಹಣ್ಣು ತಿಂದು, ಅಂಟಂಟಾದ ಬೀಜವನ್ನು ಮತ್ತೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಬೀಜ ನೋಡಿಕೊಳ್ಳುತ್ತದೆ. "ಒಂದು ಕೊಂಬೆ ಕೊಯ್ದುಕೊಳ್ಳಲೇ?" ಎಂದು ಕೇಳಿದೆ. "ಒಂದೇ ಏಕೆ ತಮ್ಮಾ, ಇದ್ದದ್ದನ್ನೆಲ್ಲ ಕೊಯ್ದುಕೊಂಡು ಹೋಗು" ಎಂದರು.

ಗಂಟಿಗಿಂತ ಒಂದೂವರೆ ಅಡಿ ಕೆಳಗೆ ಗರಗಸ ಹಾಕಿದೆ. ಬಂದಳಿಕೆಯನ್ನಷ್ಟೇ ಕಿತ್ತರೆ ತೊಗಟೆಯೊಳಗೆ ಉಳಿದ ಎಳೆಯಿಂದ ಮತ್ತೆ ಚಿಗುರುತ್ತದೆ. ಅಂಗಡಿಗೆ ತಂದು ವೈಸ್ ಇಕ್ಕಳದಲ್ಲಿ ಬಿಗಿದು, ಗಂಟನ್ನು ಉದ್ದಕ್ಕೆ ಸೀಳಿದೆ.

ಸೀಳಿದ ಹೋಳಿನ ಮುಂದೆ ಅರ್ಧ ಗಂಟೆ ಕುಳಿತಿದ್ದೆ. ಗಂಟು ಎಂದರೆ ಬಂದಳಿಕೆಯ ಬುಡ ಎಂದು ಇಷ್ಟು ವರ್ಷ ನಂಬಿದ್ದೆ. ಹಾಗಿಲ್ಲ. ಮುಷ್ಟಿಗಾತ್ರದ ಆ ಉಬ್ಬಿನಲ್ಲಿ ಮುಕ್ಕಾಲು ಪಾಲು ಮಾವಿನ ಕಟ್ಟಿಗೆಯೇ. ಬಂದಳಿಕೆ ನಡುವೆ ಒಂದು ಬೆಣೆಯಷ್ಟೇ. ತುಸು ಕಂದು, ತುಸು ತೇವ, ಬುಡದಲ್ಲಿ ಬೆರಳಿನಂತೆ ಎರಡು ಮೂರು ಕವಲು. ಆ ಬೆಣೆಯ ಸುತ್ತ ಮಾವಿನ ನಾರುಗಳು ನೆಟ್ಟಗೆ ಹೋಗುವುದನ್ನು ಬಿಟ್ಟು, ಹೊಳೆಯ ನೀರು ಬಂಡೆಯನ್ನು ಬಳಸುವಂತೆ ಬಳಸಿಕೊಂಡು, ಒಂದರ ಮೇಲೊಂದು ಬೆಳೆದು, ಕಳ್ಳಿಗೆ ಕೂರಲು ಪೀಠ ಕಟ್ಟಿಕೊಟ್ಟಿದ್ದವು. ಎರಡರ ಗಡಿಯಲ್ಲಿ ಉಗುರು ಆಡಿಸಿದೆ. ಸಂದು ಸಿಗಲಿಲ್ಲ. ಹೊರಗಿನ ತೊಗಟೆ ಪೂರ್ತಿ ಮಾವಿನದು, ಬಿರುಕು ಬಿಟ್ಟದ್ದು, ಬೂದುಬಣ್ಣದ್ದು.

ಗಂಟು ಮರದ್ದು, ಬಳ್ಳಿಯದ್ದಲ್ಲ. ನಾನು ಬಳ್ಳಿಯ ಬಣ್ಣದಲ್ಲಿ, ಬಳ್ಳಿಯ ನುಣುಪಿನಲ್ಲಿ ಗಂಟು ಮಾಡುತ್ತ ಐದು ದಿನ ಕಳೆದಿದ್ದೆ. ಗಂಟುಗಳು ಮರದ ಬಣ್ಣದಲ್ಲಿ, ಮರದ ತೊಗಟೆಯಲ್ಲಿ, ನಾಟಕ ಶುರುವಾಗುವಾಗಲೇ ಇರಬೇಕು. ನೋಡುವವರು ಅದನ್ನು ಹಳೆಯ ಮರದ ಉಬ್ಬು ಎಂದುಕೊಳ್ಳಬೇಕು. ಬಳ್ಳಿ ಹೊರಬಿದ್ದ ಮೇಲೆ, ಅದು ಗಂಟಿನಿಂದ ಗಂಟಿಗೆ ಹೋಗುವುದು ಕಂಡಾಗ, ಇದು ಎಂದಿನಿಂದ ಒಳಗಿತ್ತಪ್ಪ ಎಂದು ಅನ್ನಿಸಬೇಕು.

ಏಪ್ರಿಲ್ 22ರಿಂದ 24

ಹೊಸ ಗಂಟು ಹೀಗೆ: ಹಳೆಯ ಬನಿಯನ್ ಬಟ್ಟೆಯ ಚೀಲ, ಒಳಗೆ ತೆಂಗಿನ ನಾರು. ಮೇಲೆ ಫೆವಿಕಾಲ್‌ನಲ್ಲಿ ಕಲಸಿದ ಮರದ ಹೊಟ್ಟು. ಒಂದು ಪಾಲು ಫೆವಿಕಾಲ್, ಎರಡು ಪಾಲು ಹೊಟ್ಟು, ರೊಟ್ಟಿ ಹಿಟ್ಟಿನ ಹದ. ಹಸಿಯಿರುವಾಗಲೇ ಗೋಣಿಯ ಎಳೆಗಳನ್ನು ಬಿಡಿಸಿ, ಸೀಳಿದ ಕೊಂಬೆಯನ್ನು ಪಕ್ಕದಲ್ಲಿಟ್ಟುಕೊಂಡು, ನಾರು ಬಳಸಿ ಹೋದಂತೆ ಅಂಟಿಸಿದೆ. ನಡುವೆ ಬಳ್ಳಿ ಬಂದು ಮುಟ್ಟಲು ಹೆಬ್ಬೆರಳು ಹೋಗುವಷ್ಟು ಗುಳಿ. ಒಂದೊಂದೂ ಒಂದೊಂದು ಗಾತ್ರ. ಅತಿ ದೊಡ್ಡದು ಕುಂಬಳಕಾಯಿಯಷ್ಟು, ಅತಿ ಚಿಕ್ಕದು ನಿಂಬೆಹಣ್ಣಿನಷ್ಟು.

ಮೊದಲ ಹದ ತೆಳುವಾಗಿ ಎರಡು ಗಂಟು ಜಾರಿದವು. ಅಂಚಿನಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪ ಹಚ್ಚಿದಲ್ಲಿ ಒಳಗೆ ಮೂರು ದಿನವಾದರೂ ಒಣಗಲಿಲ್ಲ. ತೆಳುವಾಗಿ ಎರಡು ಸಲ ಹಚ್ಚಬೇಕಿತ್ತು. ಈ ಬಾರಿ ಎಲ್ಲವನ್ನೂ ಜಂತಿಗೆ ನೇತುಹಾಕಿದೆ.

ಬಳ್ಳಿಯ ಕುಡಿಗಳಿಗೆ ಸುಟ್ಟ ಮೋಟಾರಿನಿಂದ ತೆಗೆದ ತಾಮ್ರದ ತಂತಿ ಬಳಸಿದೆ. ಪೆನ್ಸಿಲಿಗೆ ಸುತ್ತಿ ಎಳೆದರೆ ತಾನಾಗಿಯೇ ಕುಡಿ. ಸುಟ್ಟ ವಾರ್ನಿಷ್‌ನ ಆ ಕೆಂಗಂದು ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ಏಪ್ರಿಲ್ 25: ಅಕ್ಕಿ ಚೀಲ

ಬಳ್ಳಿ ಹಬ್ಬುವ ದಾರಿ ಇನ್ನೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅತ್ತಿಗೆ ಅಕ್ಕಿಯ ಚೀಲ ತೆರೆದುಕೊಡು ಎಂದರು. ನಾನು ಚಾಕು ಹಿಡಿದು ಹೊಲಿಗೆಯನ್ನು ಒಂದೊಂದಾಗಿ ಕೊಯ್ಯುತ್ತಿದ್ದೆ. "ಆ ಕಡೆಯಿಂದಲ್ಲ ಮಾರಾಯಾ" ಎಂದು ಚಾಕು ಕಿತ್ತುಕೊಂಡು, ಇನ್ನೊಂದು ತುದಿಯ ದಾರ ಬಿಡಿಸಿ ಒಮ್ಮೆ ಎಳೆದರು. ಸರ್ ಎಂದು ಚೀಲದ ಬಾಯಿ ಈ ತುದಿಯಿಂದ ಆ ತುದಿಗೆ ಬಿಚ್ಚಿಕೊಂಡಿತು.

ಊಟ ಅರ್ಧಕ್ಕೇ ಬಿಟ್ಟೆ ಎಂದರೆ ಬಡಾಯಿಯಾದೀತು, ಬೇಗ ಮುಗಿಸಿದೆ. ಬಳ್ಳಿ ಏರಬೇಕಾಗಿಯೇ ಇಲ್ಲ. ಅದು ಮೊದಲೇ ಸುತ್ತಿಕೊಂಡಿರಲಿ, ಮೇಲೆ ತೊಗಟೆಯ ಪಟ್ಟಿ ಮುಚ್ಚಿರಲಿ. ಪಟ್ಟಿಯ ಹೊಲಿಗೆ ಬುಡದಿಂದ ತುದಿಗೆ ಬಿಚ್ಚುತ್ತ ಹೋದರೆ, ಒಳಗೆ ಅದುಮಿಟ್ಟ ಫೋಮ್ ಉಬ್ಬಿ ಹೊರಬರುತ್ತದೆ. ನೋಡುವವರಿಗೆ ಬಳ್ಳಿ ಮರದೊಳಗಿಂದಲೇ ಒಡೆದು ಬಂದಂತೆ.

ಚೀಲದ ಬಾಯಿಗೆ ಹಾಕುವುದು ಕುಣಿಕೆಯೊಳಗೆ ಕುಣಿಕೆ ಹೆಣೆಯುವ ಸರಪಳಿ ಹೊಲಿಗೆ. ಅದು ಮುಗಿದ ತುದಿಯಿಂದ ಮಾತ್ರ ಬಿಚ್ಚುತ್ತದೆ, ಶುರು ಮಾಡಿದ ತುದಿಯಿಂದ ಬಿಚ್ಚುವುದಿಲ್ಲ. ಹಾಗಾಗಿ ಹೊಲಿಗೆಯನ್ನು ಮೇಲಿನಿಂದ ಆರಂಭಿಸಿ ಬುಡದಲ್ಲಿ ಮುಗಿಸಬೇಕು. ಇದನ್ನು ಪುಸ್ತಕದಲ್ಲಿ ಬರೆದುಕೊಂಡು, ಮರುದಿನ ಬುಡದಿಂದ ಆರಂಭಿಸಿ ಮೇಲೆ ಮುಗಿಸಿದೆ! ಪರೀಕ್ಷೆಗೆ ಎಳೆದಾಗ ಕಗ್ಗಂಟು. ಬ್ಲೇಡ್ ಹಿಡಿದು ಎಲ್ಲವನ್ನೂ ಕೊಯ್ದು ಮತ್ತೆ ಶುರು.

ಎರಡೂವರೆ ಸುತ್ತಿಗೆ ಹೊಲಿಗೆಯ ಉದ್ದ 3.15 ಮೀಟರ್ ಆಯಿತು. ಅತ್ತಿಗೆಯ ಕ್ರೋಶಾ ಕಡ್ಡಿ, ಗೋಣಿ ಹೊಲಿಯುವ ಹತ್ತಿ ದಾರ, ಎರಡು ಸೆಂಟಿಮೀಟರಿಗೊಂದು ಕುಣಿಕೆ. ಪೂರ್ತಿ ಬಿಚ್ಚಿದರೆ ಕೈಗೆ ಬರುವ ದಾರ 11 ಮೀಟರ್. ಪಟ್ಟಿಯ ಕೆಳ ಅಂಚು ಮರಕ್ಕೆ ಖಾಯಂ ಹೊಲಿಗೆ, ಮೇಲಿನ ಅಂಚು ಬಿಚ್ಚುವ ಹೊಲಿಗೆ. ಬಳ್ಳಿಯನ್ನು ಹದಿನಾಲ್ಕು ಕಡೆ ತಾಮ್ರದ ತಂತಿಯಿಂದ ಒಳಗಿನ ಬಿದಿರಿಗೆ ಬಿಗಿದೆ.

ಗೋಣಿ ಒರಟು, ಹೊಲಿಗೆ ಬಿಚ್ಚಿದರೂ ಪಟ್ಟಿ ಕೆಳಗೆ ಬೀಳದೆ ನಿಂತೇ ಇತ್ತು. ಅಂಚಿಗೆ ಅಂಗಡಿಯ ಹಳೆಯ ವಾಷರ್‌ಗಳನ್ನು ಹೊಲಿದೆ, ಇಪ್ಪತ್ತನಾಲ್ಕು. ಈಗ ಬಿತ್ತು, ಬೀಳುವಾಗ ಗೆಜ್ಜೆಯಂತೆ ಕಿಣಿಕಿಣಿ ಎಂದಿತು. ಸದ್ದು ತಪ್ಪಿಸಲು ಬಟ್ಟೆ ಸುತ್ತಬೇಕೆಂದಿದ್ದೆ. ಮಕ್ಕಳು ಬಿಡಲಿಲ್ಲ, ಕದ್ದ ಹೆಸರುಗಳು ಹೊಟ್ಟೆಯಲ್ಲಿ ಅಲುಗಾಡುವ ಸದ್ದಂತೆ ಅದು.

ಏಪ್ರಿಲ್ 27: ಬಣ್ಣ, ಬೆಳಕು

ಕಪ್ಪು ಫೋಮ್‌ಗೆ ಹಳದಿ ಬಣ್ಣ ನೇರವಾಗಿ ಹಚ್ಚಿದೆ. ಒಣಗಿ, ಬಗ್ಗಿಸಿದೊಡನೆ ಬಿರುಕು ಬಿಟ್ಟಿತು. ಬಣ್ಣಕ್ಕೆ ಕಾಲು ಪಾಲು ಫೆವಿಕಾಲ್ ಬೆರೆಸಿ, ಮೊದಲು ತೆಳುವಾದ ಬನಿಯನ್ ಬಟ್ಟೆಯ ಪಟ್ಟಿ ಸುತ್ತಿ, ಮೇಲೆ ಹಚ್ಚಿದಾಗ ನಿಂತಿತು. ಅರಿಶಿನ ಹಳದಿ, ನಡುನಡುವೆ ಕೆಂಪು ಗೀರು.

ಸಂಜೆ ಬೆಳಕಿನ ಹುಡುಗ ಆ ದೃಶ್ಯಕ್ಕೆ ಕೆಂಪು ದೀಪ ಹಾಕುತ್ತೇನೆ ಎಂದು ಹಾಕಿ ತೋರಿಸಿದ. ನನ್ನ ಹಳದಿ, ಕೆಂಪು ಗೀರು, ಪಕ್ಕದ ಗೋಣಿ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದವು. ಬಳ್ಳಿ ಮಾಯ. ದೀಪ ಬದಲಿಸಲು ಅವನು ಒಪ್ಪಲಿಲ್ಲ. ಕೆಂಪು ಬೆಳಕಿನಲ್ಲಿ ಹಸಿರು ಕಪ್ಪಾಗಿ ಕಾಣುತ್ತದೆ. ಹಾಗಾಗಿ ಬಳ್ಳಿಯ ಎರಡೂ ಅಂಚಿಗೆ ಕಡುಹಸಿರು ಎಳೆದೆ. ಹಗಲಿನಲ್ಲಿ ವಿಕಾರ, ಕೆಂಪು ಬೆಳಕಿನಲ್ಲಿ ನೆರಳು ಬಿದ್ದಂತೆ ಉಬ್ಬಿ ನಿಂತಿತು. ದೀಪದ ಬಣ್ಣ ಕೇಳದೆ ವಸ್ತುವಿಗೆ ಬಣ್ಣ ಹಚ್ಚಿದ್ದು ಈ ಇಡೀ ಕೆಲಸದ ಅತಿ ಪೆದ್ದ ತಪ್ಪು.

ಏಪ್ರಿಲ್ 28: ಗಂಧ

ಕೊನೆಯ ದೃಶ್ಯದಲ್ಲಿ ಊರವರು ಹೆಸರುಗಳ್ಳಿಯನ್ನು ಸುಡುವುದು ಎಂದಿತ್ತು. ಇನ್ನು ಐದು ದಿನವಿರುವಾಗ ಆರನೇ ತರಗತಿಯ ಹುಡುಗಿಯೊಬ್ಬಳು ತಕರಾರು ತೆಗೆದಳು. ಅವಳ ಅಪ್ಪ ಶ್ರೀಗಂಧದ ಸಸಿ ಹಾಕಿದ್ದಾರೆ. ಗಂಧದ ಸಸಿಯ ಪಕ್ಕ ತೊಗರಿ ಏಕೆ ಹಚ್ಚುತ್ತಾರೆಂದು ಅವಳು ಕೇಳಿ ತಿಳಿದಿದ್ದಳು. "ಗಂಧದ ಬೇರೂ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಉಣ್ಣುತ್ತದೆ ಮಾವ. ಅದನ್ನು ತೇಯ್ದು ದೇವರಿಗೆ ಹಚ್ಚುತ್ತೇವೆ. ಇದನ್ನು ಮಾತ್ರ ಸುಡಬೇಕೇ?"

ಮಾತು ನಿಜ. ಶ್ರೀಗಂಧ ಅರೆಪರಾವಲಂಬಿ, ಆಸರೆ ಗಿಡ ಇಲ್ಲದಿದ್ದರೆ ಸಸಿ ಏಳುವುದೇ ಕಷ್ಟ. ಮಕ್ಕಳು ಒಂದು ಗಂಟೆ ವಾದ ಮಾಡಿ ಅಂತ್ಯ ಬದಲಿಸಿದರು: ಹೆಸರುಗಳ್ಳಿ ಹೂ ಬಿಡಬೇಕು, ಹೂವಿನ ವಾಸನೆ ಮೂಗಿಗೆ ಬಿದ್ದವರಿಗೆ ಹೆಸರು ನೆನಪಾಗಬೇಕು. ವಾದದಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಗೊಣಗುತ್ತ ಮನೆಗೆ ಹೋದೆ.

ಏಪ್ರಿಲ್ 29ರಿಂದ ಮೇ 1

ಹೂವಿಗೆ ರಾಫ್ಲೇಸಿಯಾ ನೆನಪಾಯಿತು. ಎಲೆ ಕಾಂಡ ಏನೂ ಇಲ್ಲದೆ ಬಳ್ಳಿಯ ಒಳಗೇ ಬದುಕಿ, ಹೊರಗೆ ಹೂವಾಗಿ ಮಾತ್ರ ಕಾಣುವ ಗಿಡ. ಸುಮಾತ್ರಾದ ಕಾಡಿನಲ್ಲಿ ಅದರ ಒಂದು ಜಾತಿಯ ಹೂ ಮೂರಡಿ ಅಗಲದವರೆಗೂ ಬೆಳೆಯುತ್ತದೆ. ಆದರೆ ಕೊಳೆತ ಮಾಂಸದ ವಾಸನೆ. ಅದನ್ನು ಮಕ್ಕಳಿಗೆ ಹೇಳಲಿಲ್ಲ.

ಮುರಿದ ಬಟನ್ ಕೊಡೆಯೊಂದು ಅಟ್ಟದಲ್ಲಿತ್ತು. ಬಟ್ಟೆ ಕಿತ್ತು, ಎಂಟು ಕಡ್ಡಿಗೆ ಎಂಟು ದಳ ಹೊಲಿದೆ, ಹಳೆಯ ಕೆಂಪು ರವಿಕೆ ಕಣದ್ದು. ರಿಪೇರಿಗೆ 60 ರೂಪಾಯಿ. ಮೊದಲ ಸಲ ಬಟನ್ ಒತ್ತಿದಾಗ ಫಟ್ ಎಂದು ತೆರೆದುಕೊಂಡು, ಮುಂದೆ ನಿಂತಿದ್ದವನ ಕನ್ನಡಕ ಹಾರಿಸಿತು. ಅವನು ನಾನೇ. ಸ್ಪ್ರಿಂಗ್ ತೆಗೆದುಹಾಕಿ, ಹಿಂದಿನಿಂದ ಒಬ್ಬರು ನಿಧಾನವಾಗಿ ತಳ್ಳುವಂತೆ ಮಾಡಿದೆ.

ವಾಸನೆಗೆ ಊದುಬತ್ತಿ ಸಿಕ್ಕಿಸೋಣ ಎಂದರು. ಗೋಣಿ, ನಾರು, ಮರದ ಹೊಟ್ಟು, ಸುತ್ತ ಮಕ್ಕಳು. ಖಂಡಿತ ಬೇಡ ಎಂದೆ. ಮನೆಯ ಸಾಣೆಕಲ್ಲಿನಲ್ಲಿ ಗಂಧದ ಕೊರಡು ತೇಯ್ದು, ಒದ್ದೆ ಬಟ್ಟೆಗೆ ಹಚ್ಚಿ, ಹೂವಿನ ಹಿಂದೆ ಚಿಕ್ಕ ಟೇಬಲ್ ಫ್ಯಾನ್ ಇಟ್ಟೆವು.

ಮೇ 3: ಮೊದಲ ಪ್ರದರ್ಶನ

ಹೊಲಿಗೆ 38 ಸೆಕೆಂಡಿನಲ್ಲಿ ಬಿಚ್ಚಿತು. ಮರದ ಹಿಂದೆ ಅಡಗಿದ್ದ ಹುಡುಗ ಖಾಲಿ ದಾರದ ಉರುಳೆಗೆ ಸುತ್ತಿಕೊಳ್ಳುತ್ತ ಎಳೆದ. ಮೊದಲ ವಾಷರ್ ಸದ್ದಿಗೆ ಸಭೆಯಲ್ಲಿ ಮಾತು ನಿಂತಿತು. ಬಳ್ಳಿ ಎರಡನೆಯ ಗಂಟನ್ನು ಮುಟ್ಟಿದಾಗ ಮುಂದಿನ ಸಾಲಿನ ಪುಟ್ಟ ಮಗುವೊಂದು ಅಮ್ಮನ ಸೆರಗಿಗೆ ಮುಖ ಹುದುಗಿಸಿತು. ಇಪ್ಪತ್ತಾರು ದಿನಕ್ಕೆ ಅಷ್ಟು ಕೂಲಿ ಸಾಕು.

ಹೂವಿನ ವಾಸನೆ ಮಾತ್ರ ಮೂರನೆಯ ಸಾಲಿನಾಚೆ ಹೋಗಲಿಲ್ಲ. ಫ್ಯಾನಿನ ಸದ್ದು ಕೊನೆಯ ಸಾಲಿನವರೆಗೂ ಹೋಯಿತು.

ಮೇ 4: ಎರಡನೆಯದು

ರಾತ್ರಿ ಹನ್ನೊಂದರ ಮೇಲೆ ಕುಳಿತು ಮತ್ತೆ ಹೊಲಿದಿದ್ದೆ. ಐವತ್ತು ನಿಮಿಷದ ಕೆಲಸ, ಕಣ್ಣು ಎಳೆಯುತ್ತಿತ್ತು. ಎಲ್ಲೋ ಒಂದು ಕಡೆ ಕಡ್ಡಿ ಕುಣಿಕೆಯೊಳಗೆ ಹೋಗುವ ಬದಲು ದಾರದ ಎಳೆಯನ್ನೇ ಸೀಳಿಕೊಂಡು ಹೋಗಿತ್ತು. ಒಂದೇ ಒಂದು ಹೊಲಿಗೆ. ಒಂದೂವರೆ ಸುತ್ತಿಗೆ ಬಳ್ಳಿ ನಿಂತಿತು. ಹುಡುಗ ಜೋರಾಗಿ ಎಳೆದ, ಮರ ವಾಲಿತು. ಹಾಡುವ ಮಕ್ಕಳು ಸಮಯಕ್ಕೆ ಸರಿಯಾಗಿ ಪಲ್ಲವಿಗೆ ಹಿಂತಿರುಗಿದರು, ಯಾರು ಕಲಿಸಿದರೋ. ನಾನು ಮರದ ಹಿಂದೆ ತೆವಳಿಕೊಂಡು ಹೋಗಿ ಬ್ಲೇಡಿನಿಂದ ಆ ಹೊಲಿಗೆ ಕೊಯ್ದು, ಉಳಿದದ್ದನ್ನು ನಾನೇ ಎಳೆದೆ. ನನ್ನ ಕಾಲು ಸಭೆಗೆ ಕಂಡಿತಂತೆ. ಎರಡು ಮರ ಮಾಡಿ, ಎರಡಕ್ಕೂ ಹಗಲಿನಲ್ಲೇ ಹೊಲಿಗೆ ಹಾಕಿಡಬೇಕಿತ್ತು.

ಲೆಕ್ಕ

ಫೋಮ್ ಕೊಳವೆ 170, ಗೋಣಿಚೀಲ ಎಂಟಕ್ಕೆ 240, ಬಿದಿರು 240, ಬೈಂಡಿಂಗ್ ವೈರ್ 90, ಫೆವಿಕಾಲ್ 280, ಬಣ್ಣ 310, ಹತ್ತಿ ದಾರ 40, ಕೊಡೆ 60. ಇದಿಷ್ಟು ಕೆಲಸಕ್ಕೆ ಬಂದದ್ದು, 1,430 ರೂಪಾಯಿ. ಗಾಳದ ದಾರ ಕೊಕ್ಕೆ ರಾಟೆ 265, ಥರ್ಮೋಕೋಲ್ 120, ಸ್ಪ್ರೇ 220, ಮೈದಾ 90. ಇದು ದಂಡ, 695. ಒಟ್ಟು 2,125. ಶಿಬಿರದವರು ಕೊಟ್ಟದ್ದು 1,500, ಉಳಿದ 625 ನನ್ನ ಜೇಬಿನದು. ತಾಮ್ರದ ತಂತಿಯ ಲೆಕ್ಕ ಹಿಡಿದಿಲ್ಲ. ಗುಜರಿಯವನಿಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತೆಂದು ಯೋಚಿಸಿದರೆ ನಿದ್ದೆ ಬರುವುದಿಲ್ಲ.

ಕೊಡೆಯ ಹೂವನ್ನು ಆರನೇ ತರಗತಿಯ ಹುಡುಗಿ ಮನೆಗೆ ಒಯ್ದಳು. ಮರ ಶಿಬಿರದ ಅಟ್ಟದಲ್ಲಿದೆ. ಸೀಳಿದ ಮಾವಿನ ಗಂಟು ಅಂಗಡಿಯ ಕಪಾಟಿನಲ್ಲಿ ಬೇರಿಂಗ್ ಡಬ್ಬಿಗಳ ಪಕ್ಕದಲ್ಲಿದೆ. ಮೋಟಾರ್ ಕೊಡಲು ಬಂದವರೆಲ್ಲ ಎತ್ತಿ ನೋಡಿ, ಇದರಲ್ಲಿ ಮಾವು ಯಾವುದು ಎಂದು ಕೇಳುತ್ತಾರೆ. ನಿನ್ನೆ ತೋಟದ ಯಜಮಾನರು ಫೋನ್ ಮಾಡಿದ್ದರು. ಅವರ ಮೋಟಾರ್ ತಯಾರಾಗಿಲ್ಲ, ಅದನ್ನು ಕೇಳುತ್ತಾರೆಂದು ಹೆದರಿಕೊಂಡೇ ಎತ್ತಿದೆ. "ಇನ್ನೂ ನಾಲ್ಕು ಕೊಂಬೆಯಲ್ಲಿ ಬಂದಳಿಕೆ ಇದೆ ತಮ್ಮಾ, ಮಳೆ ಹಿಡಿಯುವ ಮೊದಲು ಗರಗಸ ತೆಗೆದುಕೊಂಡು ಬಾ" ಎಂದರು. ಭಾನುವಾರ ಬರುತ್ತೇನೆ ಎಂದಿದ್ದೇನೆ.